ಅರ್ಧರ್ಧದ ಬಾಗಿಲು

ಚಿಲಕದ ತುದಿ ತೂತಿನವರೆಗೂ ಹೋಗಲೇ ಇಲ್ಲ. ತಂಗಿ ಅಂಗೈ ಕೆಂಪಾಗುವಷ್ಟು ಒತ್ತಿ ತಳ್ಳಿದಳು. ಕದಕ್ಕೂ ಚೌಕಟ್ಟಿಗೂ ನಡುವೆ ಕಿರುಬೆರಳು ತೂರುವಷ್ಟು ಸಂದು. ಅದರೊಳಗಿಂದ ನಡುಮನೆಯಲ್ಲಿ ಕೂತ ಅತ್ತಿಗೆಯ ಮುಖವೂ ಟಿವಿಯ ಒಂದು ಮೂಲೆಯೂ ಕಾಣುತ್ತಿದ್ದವು.

"ಚಿಕ್ಕಣ್ಣಾ, ಇದು ಹಾಕ್ಕೊಳ್ತಾನೇ ಇಲ್ವಲ್ಲ!"

"ನನ್ನ ಹಾಫ್ ಸರಿಯಾಗೇ ಇದೆ," ಎಂದ ಚಿಕ್ಕಣ್ಣ ಉಳಿ ಒರೆಸಿಕೊಳ್ಳುತ್ತ. "ಕದ ನಂದು, ಚೌಕಟ್ಟು ಅವನದು. ಅವನನ್ನೇ ಕೇಳು."

'ಅವನು' ಕೈಗೆಟುಕುವಷ್ಟು ಹತ್ತಿರದಲ್ಲೇ ಮಣೆಯ ಮೇಲೆ ಕೂತು ಬೆರಳಿನ ಸಿಬಿರು ಕೀಳುತ್ತಿದ್ದ. "ಅವನಿಗೆ ಹೇಳಮ್ಮ," ಎಂದ ದೊಡ್ಡಣ್ಣ ತಲೆ ಎತ್ತದೆ, "ಚೌಕಟ್ಟು ಗೋಡೇಲಿ ಕೂತಾಯ್ತು. ಬೇಕಾದ್ರೆ ಕದ ದೊಡ್ಡದು ಮಾಡ್ಲಿ ಅಂತ."

ಅವಳು ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದಳು. ನರ್ಸಿನ ಸಮವಸ್ತ್ರ ಇನ್ನೂ ಮೈಮೇಲಿತ್ತು. ಗಂಡನ ಮನೆ ಬಿಟ್ಟು ಬಂದಾಗ ಅಣ್ಣಂದಿರು ನಡುಮನೆಗೆ ಅಡ್ಡ ಹಲಗೆ ಹೊಡೆದು ಅರ್ಧ ಅವಳಿಗೆ ಬಿಟ್ಟುಕೊಟ್ಟಿದ್ದರು, ಅದು ದೊಡ್ಡ ಮನಸ್ಸೇ. ಬಾಗಿಲಿಲ್ಲದ ಜಾಗಕ್ಕೆ ಹಳೆಯ ಹೊದಿಕೆ ನೇತುಹಾಕಿದ್ದರು. ಹಗಲೆಲ್ಲ ಅದನ್ನು ಸರಿಸಿ ಬರುವವರೇ. ಇಸ್ತ್ರಿ ಪೆಟ್ಟಿಗೆ ಹುಡುಕಿಕೊಂಡು ಒಬ್ಬರು, ಕತ್ತರಿ ಕೇಳಿಕೊಂಡು ಇನ್ನೊಬ್ಬರು. ಪಕ್ಕದ ಮನೆಯಾಕೆಯಂತೂ ಭುಜ ಅಲ್ಲಾಡಿಸಿ "ಮಲಗಿದ್ದೀಯೇನೇ?" ಎಂದು ಕೇಳಿ ಹೋಗುತ್ತಿದ್ದಳು. ಕಳೆದ ವಾರ ನಿದ್ದೆಗಣ್ಣಲ್ಲಿ ಒಬ್ಬ ರೋಗಿಯ ಮಾತ್ರೆಯನ್ನು ಪಕ್ಕದ ಹಾಸಿಗೆಯವನ ಬಾಯಿಗೆ ಹಾಕುವುದರಲ್ಲಿದ್ದಳು. ಹಿರಿಯ ನರ್ಸ್ ಕೈ ಹಿಡಿದುಕೊಂಡು, "ಇನ್ನೊಂದು ಸಲ ಹೀಗಾದ್ರೆ ನಾನು ಸುಮ್ನಿರಲ್ಲ ನೋಡು," ಎಂದಿದ್ದರು. ಮನೆಯಲ್ಲಿ ಇಬ್ಬರು ಬಡಗಿಗಳು, ತನಗೊಂದು ಬಾಗಿಲಿಲ್ಲ ಎಂದು ಬಸ್ಸಿನಲ್ಲಿ ಕೂತು ಅತ್ತಿದ್ದಳು.

ಅಣ್ಣಂದಿರು ಮಾತು ಬಿಟ್ಟು ವರ್ಷ ತುಂಬುತ್ತ ಬಂದಿತ್ತು. ಒಂದು ಗರಗಸ ಮುರಿದಿದ್ದಕ್ಕೆ, ನೀನು ಮುರಿದೆ, ನಾನಲ್ಲ ಎಂದು ಶುರುವಾದ ಜಗಳದಲ್ಲಿ ಮರಗೆಲಸದ ಕಾರ್ಖಾನೆಯೇ ಎರಡು ಪಾಲಾಗಿತ್ತು. ಅಂದಿನಿಂದ ಮನೆಯಲ್ಲಿ ಎಲ್ಲದಕ್ಕೂ ಹಾಫ್. ದೊಡ್ಡಣ್ಣನ ಬಾಯಲ್ಲಿ ಹಾಫ್ ಅಂದರೆ ತಾನು ಮುಗಿಸಿ ಕೈ ತೊಳೆದುಕೊಂಡದ್ದು. ಚಿಕ್ಕಣ್ಣನ ಬಾಯಲ್ಲಿ, ಬೇಜಾರಾಗುವ ತನಕ ಮಾಡಿದ್ದು. ಅತ್ತಿಗೆಗೆ ಅದು ಸಾರು ಸಾಲದ ದಿನ ತಂಗಿಯ ತಟ್ಟೆಗೆ ಬೀಳುವ ಪಾಲು. ಅವಳ ಬಾಗಿಲೂ ಹಾಗೇ ಹಂಚಿಹೋಗಿ, ಅದರ ಅಳತೆಯನ್ನೂ ತಂಗಿಯೇ ಆ ಕಿವಿಯಿಂದ ಈ ಕಿವಿಗೆ ಮುಟ್ಟಿಸಿದ್ದಳು.

"ನಾನು ಇಬ್ರಿಗೂ ಒಂದೇ ಅಳತೆ ಹೇಳಿದ್ದು," ಎಂದಳು ಅವಳು. "ಮತ್ತೆ ಈ ಸಂದು ಎಲ್ಲಿಂದ ಬಂತು?"

ದೊಡ್ಡಣ್ಣ ಎದ್ದು ಬಂದು ಸಂದಿನಲ್ಲಿ ಬೆರಳಿಟ್ಟ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಕದದ ಸುತ್ತ ಚೂರು ಸಡಿಲ ಜಾಗ, ಉಸಿರು, ಬಿಡಬೇಕು ಎನ್ನುವುದು ಅಪ್ಪ ಕಲಿಸಿದ ಪಾಠ. ಮಾತಿದ್ದಾಗ ದೊಡ್ಡಣ್ಣ ಅಳತೆ ಕೂಗುತ್ತಿದ್ದ, ಚಿಕ್ಕಣ್ಣ ಅದರಲ್ಲಿ ಚೂರು ಕಳೆದು ಕದ ಕೊಯ್ಯುತ್ತಿದ್ದ.

"ಅವನು ಸಿಟ್ಟಲ್ಲಿ ಉಸಿರು ಬಿಡೋದು ಮರೀತಾನೆ ಅಂತ ನಾನೇ ಚೌಕಟ್ಟು ಅಗಲ ಮಾಡಿದ್ದೆ," ಎಂದ ದೊಡ್ಡಣ್ಣ.

"ನಾನ್ಯಾಕೆ ಮರೀಲಿ? ನೀನು ಬಿಗಿ ಮಾಡಿರ್ತೀಯ ಅಂತ ನಾನು ಇನ್ನೂ ಜಾಸ್ತಿ ಕೊಯ್ದೆ!"

"ಅಷ್ಟೂ ನಂಬಿಕೆ ಇಲ್ವೇನೋ ನನ್ನ ಮೇಲೆ?"

"ನಿನಗಿತ್ತಾ?"

ಅತ್ತಿಗೆ ಟಿವಿಯ ಸದ್ದು ಇಳಿಸಿದಳು. ಅಣ್ಣಂದಿರು ಮುಖ ಮುಖ ನೋಡಿಕೊಂಡರು. ಚಿಕ್ಕಣ್ಣ ಮೊದಲು ನಕ್ಕ. ದೊಡ್ಡಣ್ಣ ಅವನ ಬೆನ್ನಿಗೊಂದು ಗುದ್ದಿದ. ತಂಗಿಗೂ ಒಂದು ಗಳಿಗೆ ಹೊಟ್ಟೆ ತಣ್ಣಗಾಯಿತು. ಆಮೇಲೆ ಅವರು ಕದ ಬಿಚ್ಚಿ, ಹಿಡಿದು ತಂದು, ಅವಳ ಮಂಚದ ಮೇಲೇ ಮಲಗಿಸಿದರು. ಸಂದು ತುಂಬಲು ಕದದ ಅಂಚಿಗೆ ಹೊಡೆಯುವ ಪಟ್ಟಿ ಸಾಗುವಾನಿಯದೋ ಹೊನ್ನೆಯದೋ ಎಂದು ಚರ್ಚೆ ಹತ್ತಿತು. ಗರಗಸದ ಮಾತು ಬಂತು, ಅಪ್ಪನ ಮಾತು ಬಂತು, "ಎರಡು ಲೋಟ ಟೀ ಮಾಡೇ" ಎಂದು ಅತ್ತಿಗೆಗೆ ಕೂಗಾಯಿತು.

"ಅಣ್ಣಾ, ನಾನು ಮಲಗ್ಬೇಕು," ಎಂದಳು ತಂಗಿ.

"ಅರ್ಧ ಗಂಟೆ ಕಣಮ್ಮ," ಎಂದರು ಇಬ್ಬರೂ ಒಟ್ಟಿಗೇ. ಒಟ್ಟಿಗೆ ಅಂದೆವಲ್ಲ ಎಂದು ಮತ್ತೆ ನಕ್ಕರು.

ಅವಳಿಗೆ ಮೈಯೆಲ್ಲ ಉರಿಯಿತು. ಇವರು ಮುನಿಸಿಕೊಂಡರೂ ತನಗೆ ಬಾಗಿಲಿಲ್ಲ, ರಾಜಿಯಾದರೂ ಇಲ್ಲ. ಕದದ ಅಡಿಯಿಂದ ದಿಂಬು ಎಳೆದುಕೊಂಡು, ಟೀ ತರುತ್ತಿದ್ದ ಅತ್ತಿಗೆಯನ್ನು ದಾಟಿ, ನೇರ ದೊಡ್ಡಣ್ಣನ ಕೋಣೆಗೆ ನಡೆದಳು. ಅವನ ಮದುವೆಗೆಂದು ಅಣ್ಣತಮ್ಮ ಸೇರಿ ಮಾಡಿದ ಬಾಗಿಲು ಅದು. ಒಳಗಿಂದ ತಳ್ಳಿದರೆ ಸದ್ದಿಲ್ಲದೆ ಕೂತಿತು. ಚಿಲಕ ಒಂದೇ ಬೆರಳಿಗೆ ಜಾರಿ ತೂತಿಗೆ ಬಿತ್ತು.

ಸ್ವಲ್ಪ ಹೊತ್ತಿಗೆ ಅತ್ತಿಗೆ ತಟ್ಟಿದಳು. "ಏನೇ ಇದು, ನನ್ನ ಬಟ್ಟೆಯೆಲ್ಲ ಒಳಗಿದೆ." ಆಮೇಲೆ ದೊಡ್ಡಣ್ಣ ಬಂದ. "ತಂಗೀ, ಬಾಗಿಲು ತೆಗೀಮ್ಮ. ಪಟ್ಟಿ ಸಿಕ್ತು." ಅವನ ಹಿಂದೆಯೇ ಚಿಕ್ಕಣ್ಣನ ದನಿ. ಹೊರಗೆ ಎರಡು ಕೈಗಳು ಒಂದಾದ ಮೇಲೊಂದು ತಟ್ಟತೊಡಗಿದವು. ಅವಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಕಿಟಕಿ ಮುಚ್ಚಿದ ಕೋಣೆಯ ಕತ್ತಲಲ್ಲಿ ಬಾಗಿಲ ಸುತ್ತ ಎಲ್ಲಿಯೂ ಬೆಳಕಿನ ಒಂದು ಗೆರೆ ಇರಲಿಲ್ಲ.