ನಲವತ್ತರ ಮೇಲೆ ನಿಂತ ಮುಳ್ಳು

ಶಂಶಾಬಾದಿನ ಹೊಸ ವಿಮಾನ ನಿಲ್ದಾಣದ ರಸ್ತೆಯಲ್ಲಿ ಕಾರಿನ ಎಂಜಿನ್ ಜಾಮಾಗಿ ನಿಂತ ದಿನ ಆಶಿಷ್ ತನ್ನ ಡ್ರೈವರ್ ಅಮರೇಶಪ್ಪನಿಗೆ ಕಾಲಿನ ಬೂಟು ಕಳಚಿ ಹೊಡೆದ. ಅವನ ಜೇಬಿನಿಂದ ಲೈಸೆನ್ಸು ತೆಗೆದುಕೊಂಡ. ಆಮೇಲೆ ಇಬ್ಬರು ಅಮೆರಿಕದ ಅತಿಥಿಗಳನ್ನು ಕರೆದುಕೊಂಡು ಬೇರೆ ಕಾರು ಹತ್ತಿ ಹೋದ. ಅಮರೇಶಪ್ಪ ಆ ಮನೆಯ ಕಾರನ್ನು ಹತ್ತೊಂಬತ್ತು ವರ್ಷ ಓಡಿಸಿದ್ದ.

ವಾರದೊಳಗೆ ಮಣಿಕೊಂಡದ ಟ್ರಾವೆಲ್ಸ್ ಆಫೀಸುಗಳಿಗೆಲ್ಲ ಅವನ ಫೋಟೊ ಮೇಲ್‌ನಲ್ಲಿ ಹೋಯಿತು. ಕೆಳಗೆ ಒಂದೇ ಸಾಲು: ಆಯಿಲ್ ನೋಡದೆ ಎಂಜಿನ್ ಸುಟ್ಟವನು. ಸಾಫ್ಟ್‌ವೇರಿನವರನ್ನು ಹೊತ್ತು ತರುವ ಕ್ಯಾಬುಗಳಿಗೆ ಡ್ರೈವರುಗಳು ಸಾಲದೆ, ನಿನ್ನೆ ಮೊನ್ನೆ ಸ್ಟೇರಿಂಗ್ ಹಿಡಿದವನನ್ನೂ ಕರೆದು ಕೂರಿಸುತ್ತಿದ್ದ ಕಾಲ ಅದು. ಅಮರೇಶಪ್ಪನೊಬ್ಬನಿಗೆ ಮಾತ್ರ ಎಲ್ಲ ಬಾಗಿಲೂ ಮುಚ್ಚಿದವು.

ಇದಾಗಿ ಐದು ವಾರಕ್ಕೆ, ಒಂದು ಶುಕ್ರವಾರ ಬೆಳಗ್ಗೆ, ಅವನ ಹೆಂಡತಿ ಗದಿಗೆಮ್ಮ ನಾರಾಯಣಗೂಡದಲ್ಲಿದ್ದ ಸೂಗಮ್ಮನ ಅಂಗಡಿಯ ಮುಂದೆ ಬಂದು ನಿಂತಳು.

ಅಂಗಡಿ ಎಂದರೆ ಕೋಚಿಂಗ್ ಸೆಂಟರಿನ ಮೆಟ್ಟಿಲ ಕೆಳಗಿನ ಗೂಡು. ಹಳೆಯ ಗಾಡಿಗಳ ಮೀಟರ್ ರಿಪೇರಿ ಅಲ್ಲಿಯ ಕೆಲಸ. ಗಂಡ ಚಂದ್ರಾಮ ಇದ್ದಾಗಲೂ ಕೂದಲೆಳೆಯಂಥ ಸ್ಪ್ರಿಂಗಿಗೆ ಚಿಮುಟ ಹಾಕುತ್ತಿದ್ದ ಕೈ ಸೂಗಮ್ಮನದೇ. ಹೆಸರು ಮಾತ್ರ ಅವನದು. ಅವನು ಸತ್ತು ಆರು ವರ್ಷವಾದರೂ ಹೊಸ ಗಿರಾಕಿಗಳು ಅವಳ ತಲೆಯ ಮೇಲಿಂದ ಒಳಗೆ ಇಣುಕಿ "ಮೇಸ್ತ್ರಿ ಎಲ್ಲಿ?" ಎನ್ನುತ್ತಿದ್ದರು. "ಮ್ಯಾಲ ಹೋಗ್ಯಾನ, ಹೋಗಿ ಕರ್ಕೊಂಡ್ ಬರ್ತೀರೇನು?" ಎಂದು ಸೂಗಮ್ಮ ಆಕಾಶ ತೋರಿಸುತ್ತಿದ್ದಳು.

ಗದಿಗೆಮ್ಮ ಕುಶಲ ಕೇಳಲಿಲ್ಲ. ಕೂರಲೂ ಇಲ್ಲ.

"ಕಾರ್ಮಿಕರ ಆಫೀಸಿನ್ಯಾಗ ಅರ್ಜಿ ಹಾಕೇವಿ. ಸೋಮವಾರ ಆಫೀಸರ್ ಒಬ್ಬ ಮೆಕ್ಯಾನಿಕ್‌ನ ಕರ್ಕೊಂಡು ಗಾಡಿ ನೋಡಾಕ ಬರ್ತಾರ. ನೀ ಬಂದು ಒಂದ್ ಮಾತು ಹೇಳು."

"ನಾ ಏನ್ ಹೇಳ್ಲಿ?"

"ಎಣ್ಣಿ ಮೀಟರ್ ಸುಳ್ಳು ತೋರಸ್ತಿತ್ತು ಅಂತ ಹೇಳು. ಹಂಗ ಮಾಡಿದಾಕಿ ನೀನ ಅಲ್ಲ?"

ಸೂಗಮ್ಮ ಕೈಯಲ್ಲಿದ್ದ ಸ್ಪೀಡೋಮೀಟರನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡಳು. "ಎಷ್ಟ್ ಮೀಟರ್ ಬರ್ತಾವ, ಎಷ್ಟ್ ಹೋಗ್ತಾವ. ನನಗೇನ್ ನೆನಪಿರ್ತೈತಿ?"

"ಅಂವಗ ನೆನಪೈತಿ. ಬ್ಯಾಡ ಅಕ್ಕಾ ಅಂತ ನಿನ್ನ ಮುಂದ ನಿಂತು ಹೇಳಿದ್ನಂತ. ನೀ ನಕ್ಕೆಂತ. ಅವತ್ತ ಮನಿಗಿ ಬಂದು ರೊಟ್ಟಿ ಮುರಕೊಂತ ಹೇಳಿದ್ದ, ಸೂಗಕ್ಕ ನಕ್ಕಳು ಅಂತ." ಗದಿಗೆಮ್ಮನ ಧ್ವನಿ ಏರಿತು. "ದಿನಾ ಮುಂಜಾನೆ ಎಣ್ಣಿ ಕಡ್ಡಿ ಎಳದು ನೋಡ್ತಿದ್ದ ಮನಿಷಾ ಅಂವ. ದೇವರ ಪೂಜಿ ಬಿಟ್ಟಾನು, ಅದನ್ನ ಬಿಡ್ತಿದ್ದಿಲ್ಲ. ಗಾಡಿ ಕೆಟ್ಟ ದಿನಾನೂ ಎಂಜಿನ್ ಸಪ್ಪಳ ಕೇಳಿ, ಗಾಡಿ ನಿಲ್ಲಿಸ್ತೀನ್ರಿ ಅಂದಾನ. ಸಾಹೇಬ ಹಿಂದಿನ ಸೀಟಿನಿಂದ ಬಗ್ಗಿ ನೋಡಿ, ಮುಳ್ಳು ನಲವತ್ತರ ಮ್ಯಾಲ ಅದ, ಕಾಣಂಗಿಲ್ಲೇನು, ನಡಿ ಅಂದಾನ. ಆಮ್ಯಾಲ ಬೂಟಿಲೇ ಹೊಡದಾನ."

"ಹೋಗ ಯವ್ವಾ. ಗಿರಾಕಿ ಬರೋ ಹೊತ್ತು."

"ನಿನ್ನ ಅಂಗಡ್ಯಾಗ ನಾ ಯಾಕ ನಿಂದ್ರಲಿ? ರಸ್ತಾ ಏನ್ ನಿಮ್ಮಪ್ಪಂದಲ್ಲ." ಗದಿಗೆಮ್ಮ ರಸ್ತೆ ದಾಟಿ, ಎದುರಿನ ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತಳು. ಚಹಾ ಕುಡಿಯಲಿಲ್ಲ. ಸೂಗಮ್ಮನ ಮುಖವನ್ನೇ ನೋಡುತ್ತ ಕುಳಿತಳು.

ಸೂಗಮ್ಮನಿಗೆ ಎಲ್ಲವೂ ನೆನಪಿತ್ತು.

ಎರಡು ವರ್ಷದ ಹಿಂದೆ ಅಮರೇಶಪ್ಪ ಆ ಮೀಟರನ್ನು ವಸ್ತ್ರದಲ್ಲಿ ಸುತ್ತಿ ತಂದಿದ್ದ. ಆಶಿಷನ ಅಜ್ಜ ಗುಲಬರ್ಗಾದಿಂದ ಬಂದು ನೀರಾವರಿ ಇಲಾಖೆಯಲ್ಲಿ ದೊಡ್ಡ ಅಧಿಕಾರಿಯಾದಾಗ ಕೊಂಡ ಅಂಬಾಸಡರ್ ಕಾರಿನ ಮೀಟರು ಅದು. ಮೊಮ್ಮಗ ಸಾಫ್ಟ್‌ವೇರ್ ಕಂಪನಿ ತೆರೆದವನು ಆ ಕಾರಿಗೆ ಹೊಸ ಬಣ್ಣ ಹೊಡೆಸಿ, ಅಮೆರಿಕದಿಂದ ಬರುವ ಅತಿಥಿಗಳನ್ನು ಅದರಲ್ಲೇ ಕರೆತರುತ್ತಿದ್ದ. ಅವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಬಣ್ಣ ಹೊಸದು, ಸೀಟು ಹೊಸದು, ಎಂಜಿನ್ ಮಾತ್ರ ಅಜ್ಜನದು.

"ಮುಳ್ಳು ಭಾಳ ಕೆಳಗ ಕೂಡ್ತದ, ಗೆಸ್ಟುಗಳು ಕೇಳ್ತಾರ, ಅದನ್ನ ನಲವತ್ತಕ್ಕ ನಿಲ್ಲಿಸು" ಎಂದು ಆಶಿಷ್ ಸೂಗಮ್ಮನಿಗೆ ಫೋನಿನಲ್ಲಿ ಹೇಳಿದ್ದ. ಫೋನು ಇಟ್ಟ ಮೇಲೆ ಅಮರೇಶಪ್ಪ ಅಂಗಡಿಯ ಕಟ್ಟೆಗೆ ಕೈಯೂರಿ, "ಅಕ್ಕಾ, ಮೀಟರ್ ಖರೇನ ಹೇಳಾಕತ್ತೈತಿ. ಎಂಜಿನ್ ಮುದಿ ಆಗೈತಿ, ಬಿಚ್ಚಿ ಮಾಡಿಸ್ಬೇಕು. ನನ್ನ ಮಾತು ಕೇಳಂಗಿಲ್ಲ, ನೀನಾದ್ರೂ ಹೇಳು" ಎಂದಿದ್ದ.

ಅವಳು ನಕ್ಕಿದ್ದಳು. "ಅಲ್ಲೋ ಅಮರೇಶಿ, ಮುಳ್ಳು ಎಲ್ಲಿ ನಿಲ್ಲಿಸು ಅಂತಾರ ಅಲ್ಲಿ ನಿಲ್ಲಿಸೋರು ನಾವು. ಎಂಜಿನ್ ಚಿಂತಿ ಎಂಜಿನ್ ಮಾಲಕಗ."

ಅದೇ ಶುಕ್ರವಾರ ಮಧ್ಯಾಹ್ನ ಆಶಿಷ್ ತಾನೇ ಬಂದ. ಇಷ್ಟು ವರ್ಷದಲ್ಲಿ ಅವನು ಆ ಗಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಉದ್ದನೆಯ ಕಾರನ್ನು ಮೂಲೆಯಲ್ಲಿ ನಿಲ್ಲಿಸಿ, ಕೋಚಿಂಗ್ ಮುಗಿಸಿ ಇಳಿಯುತ್ತಿದ್ದ ಮಕ್ಕಳ ನಡುವೆ ದಾರಿ ಮಾಡಿಕೊಂಡು ಬಂದು, ಕರವಸ್ತ್ರ ಬಿಚ್ಚಿ ಮೀಟರನ್ನು ಅವಳ ಮುಂದೆ ಇಟ್ಟ.

"ಸೂಗಮ್ಮಾವ್ರ, ಹೆಂಗಿದ್ದೀರಿ? ಒಂದು ಸಣ್ಣ ಕೆಲಸ ಅದ. ಈ ಮೀಟರ್ ತಪ್ಪು ತೋರಸ್ತದ. ಸರಿ ಮಾಡಿಕೊಡ್ರಿ. ಇವತ್ತ ಬೇಕು."

ಅವಳು ಮೀಟರಿನ ಹಿಂದಿನ ಮೂತಿಗೆ ತನ್ನ ಕೈಪಂಪು ಹಚ್ಚಿದಳು. ಕಾರಿನಲ್ಲಾದರೆ ಆ ಮೂತಿಗೆ ಎಂಜಿನ್‌ನಿಂದ ಸಣ್ಣ ತಾಮ್ರದ ನಳಿಗೆ ಆಯಿಲ್ ತರುತ್ತದೆ; ಆಯಿಲ್ ಎಷ್ಟು ಜೋರಾಗಿ ತಳ್ಳುತ್ತದೋ ಮುಳ್ಳು ಅಷ್ಟು ಏಳುತ್ತದೆ. ಪಂಪಿನ ಮೇಲೆ ಇನ್ನೊಂದು ಮೀಟರಿತ್ತು, ಚಂದ್ರಾಮ ಪ್ರಾಣದಂತೆ ಕಾಪಾಡಿದ್ದು, ಎಂದೂ ಸುಳ್ಳು ಹೇಳದ್ದು. ಅವಳು ಒಂದು ಸಲ ಒತ್ತಿದಳು. ಪಂಪಿನ ಮುಳ್ಳು ಹತ್ತಕ್ಕೆ ಬಂತು. ಅಂಬಾಸಡರಿನ ಮುಳ್ಳು ಚಂಗನೆ ನಲವತ್ತಕ್ಕೆ ಹೋಗಿ ನಿಂತಿತು.

"ಹತ್ತಕ್ಕ ನಲವತ್ತು" ಎಂದಳು.

"ಹತ್ತಕ್ಕ ಹತ್ತ ತೋರಿಸ್ಬೇಕು. ಅಷ್ಟ."

"ಎಂಜಿನ್ ಜಾಮ್ ಆಗೈತಿ. ನಡಿಯದ ಗಾಡಿಗಿ ಈ ಮೀಟರ್ ಯಾಕ ಬೇಕಾತ್ರಿ?"

ಆಶಿಷ್ ಕೈಗಡಿಯಾರ ನೋಡಿಕೊಂಡ. "ಸೋಮವಾರ ಒಬ್ಬ ಆಫೀಸರ್ ಬರ್ತಾನ. ಈ ಮೀಟರ್ ಸುಳ್ಳು ಅಂತ ಅರ್ಜಿಯೊಳಗ ಬರ್ದಾರ, ಅವನ ಮೆಕ್ಯಾನಿಕ್ ಇದನ್ನೂ ಚೆಕ್ ಮಾಡ್ತಾನ. ಮೀಟರ್ ಸರಿ ಇರ್ಬೇಕು."

ಸೂಗಮ್ಮನಿಗೆ ಆಗ ಇಡೀ ಲೆಕ್ಕಾಚಾರ ಕಣ್ಣಿಗೆ ಕಟ್ಟಿತು. ಮೀಟರು ಸುಳ್ಳಾಗಿದ್ದರೆ ಮುಳ್ಳು ನಲವತ್ತರ ಮೇಲಿತ್ತು, ಡ್ರೈವರ್ ಮಾಡುವುದೇನೂ ಇರಲಿಲ್ಲ. ಮೀಟರು ಸರಿಯಾಗಿದ್ದರೆ ಮುಳ್ಳು ಹತ್ತಕ್ಕೆ ಬಿದ್ದಿತ್ತು, ಡ್ರೈವರ್ ಅದನ್ನು ನೋಡಿಯೂ ಓಡಿಸಿದ. ಈ ಕೆಟ್ಟ ಮೀಟರನ್ನು ಅವಳು ರಿಪೇರಿ ಮಾಡಿದ ಗಳಿಗೆಗೆ ಅಮರೇಶಪ್ಪ ತಪ್ಪಿತಸ್ಥನಾಗುತ್ತಾನೆ, ಈ ಜನ್ಮದಲ್ಲಿ ಇನ್ನೊಂದು ಸ್ಟೇರಿಂಗ್ ಮುಟ್ಟುವುದಿಲ್ಲ.

ಅವಳು ನಾಲ್ಕು ಸ್ಕ್ರೂ ಬಿಚ್ಚಿ ಹಿಂದಿನ ಮುಚ್ಚಳ ತೆಗೆದಳು. ಮುಚ್ಚಳದ ಒಳಮೈಯಲ್ಲಿ ಗೀರುಗಳಿದ್ದವು. ಚಂದ್ರಾಮ ಕೈಗಡಿಯಾರದ ಅಂಗಡಿಯಲ್ಲಿ ಕಲಿತು ಬಂದ ಪದ್ಧತಿ ಅದು: ಒಳಗೆ ಕೈ ಹಾಕಿದವರು ಸೂಜಿಯಿಂದ ತಮ್ಮ ಅಕ್ಷರ, ತಾರೀಖು ಕೆತ್ತಬೇಕು. ಮುಳ್ಳನ್ನು ಇದ್ದದ್ದಕ್ಕಿಂತ ಹೆಚ್ಚು ಏಳುವಂತೆ ಮಾಡಿದ್ದರೆ ಪಕ್ಕದಲ್ಲಿ ಮೇಲ್ಮುಖದ ಬಾಣ. ತೆರೆದು ನೋಡಿ ಏನೂ ಮುಟ್ಟದೆ ಮುಚ್ಚಿದ್ದರೆ ಒಂದು ಅಡ್ಡಗೆರೆ. ಮುಂದೆ ತೆರೆಯುವ ಮೇಸ್ತ್ರಿಗೆ ಮೋಸವಾಗಬಾರದು ಎನ್ನುತ್ತಿದ್ದ ಚಂದ್ರಾಮ. ಮೇಸ್ತ್ರಿಗೆ ಮೇಸ್ತ್ರಿ ಮೋಸ ಮಾಡಬಾರದು. ಸ್ಟೇರಿಂಗ್ ಹಿಡಿದು ಕುಳಿತವನ ಕಣ್ಣಿಗೆ ಮಾತ್ರ ಆ ಬಾಣ ಎಂದೂ ಬೀಳುವುದಿಲ್ಲ. ಇಷ್ಟು ವರ್ಷ ಅವಳು ಇದನ್ನೇ ಪ್ರಾಮಾಣಿಕತೆ ಎಂದು ತಿಳಿದು ಅನ್ನ ಉಂಡಿದ್ದಳು.

ಮುಚ್ಚಳದಲ್ಲಿ 'ಸೂ' ಇತ್ತು. ಎರಡು ವರ್ಷದ ಹಿಂದಿನ ತಾರೀಖಿತ್ತು. ಬಾಣವಿತ್ತು.

"ಏನದು?" ಆಶಿಷ್ ಬಗ್ಗಿದ.

"ನನ್ನ ಕೈ ಗುರುತು. ನೀವು ಹೇಳಿ ಮಾಡ್ಸಿದ್ದು ಯಾವತ್ತು ಅಂತ ಇದ್ರಾಗ ಐತಿ ನೋಡ್ರಿ."

ಅವನ ಮುಖದಲ್ಲಿ ಏನೋ ಸರಿದು ಹೋಯಿತು. ನಾಚಿಕೆ ಎಂದು ಅವಳು ಒಂದು ಕ್ಷಣ ಮೋಸ ಹೋದಳು. ಅಲ್ಲ. ತಾನು ಎರಡು ವರ್ಷದ ಹಿಂದೆ ಒಂದು ಫೋನು ಮಾಡಿದ್ದನ್ನು ಆ ಮನುಷ್ಯ ಮರೆತೇ ಬಿಟ್ಟಿದ್ದ. ಹೇಳಿಸಿದ ಸುಳ್ಳನ್ನು ತಾನೇ ನಂಬಿ, ಹಿಂದಿನ ಸೀಟಿನಿಂದ ಬೆರಳು ತೋರಿಸಿ ನಡಿ ಎಂದಿದ್ದ. ಸುಳ್ಳನ್ನು ನೆನಪಿಟ್ಟುಕೊಳ್ಳುವ ಕಷ್ಟವೂ ಅವನಿಗೆ ಇರಲಿಲ್ಲ. ಅದಕ್ಕೂ ಒಬ್ಬ ಆಳಿದ್ದ, ಏಟು ತಿನ್ನಲು.

"ಅದನ್ನೂ ಉಜ್ಜಿ ತೆಗಿ" ಎಂದ. 'ರೀ' ಹೋಗಿತ್ತು, 'ಅವ್ರ' ಹೋಗಿತ್ತು.

"ಯಾಕ?"

"ಯಾಕ ಅಂತ ನೀ ಕೇಳ್ತೀಯಾ? ಸಿಂಪಲ್ ಆಗಿ ಹೇಳ್ತೀನಿ ಕೇಳು. ನಾ ನಿನಗ ತಪ್ಪು ಕೆಲಸ ಮಾಡು ಅನ್ಲಿಕ್ಕತ್ತಿಲ್ಲ. ಕೆಟ್ಟದ್ದನ್ನ ರಿಪೇರಿ ಮಾಡು ಅನ್ಲಿಕ್ಕತ್ತೀನಿ. ಅದು ನಿನ್ನ ಕೆಲಸ ಹೌದೋ ಅಲ್ಲೋ?"

"ಸರಿ ಇದ್ದದ್ದನ್ನ ಕೆಡಿಸು ಅಂದ್ರಿ, ಕೆಡಿಸಿದೆ. ಅವತ್ತ ಅದೂ ನನ್ನ ಕೆಲಸ ಆಗಿತ್ತು."

"ಅಂದ್ರ ಒಪ್ಕೋತಿ. ಮಾಡಿದಾಕಿ ನೀನು." ಆಶಿಷ್ ನಕ್ಕ. "ಆ ಗುರುತು ನಿಂದು, ನಂದಲ್ಲ. ನಾ ಫೋನ್ ಮಾಡೀನಿ ಅಂತ ಎಲ್ಲಿ ಬರ್ದದ? ಆಫೀಸರ್ ಮೊದಲು ಹಿಡಿಯೋದು ನಿನ್ನ. ಮೀಟರ್ ತಿದ್ದೋ ಹೆಂಗಸು ಅಂತ ನಾಳೆ ಪೇಪರ್‌ನ್ಯಾಗ ಬರ್ತದ. ಈ ಗೂಡಿಗೆ ಆಮ್ಯಾಲ ನಾಯಿ ಸೈತ ಬರಂಗಿಲ್ಲ."

ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಇದ್ದದ್ದೆಲ್ಲ ಈ ಗೂಡು, ಈ ಚಿಮುಟ, ಈ ಪಂಪು. ಎದುರಿನ ಕಟ್ಟೆಯ ಕಡೆ ನೋಡಿದಳು. ಬಿಸಿಲು ಸರಿದು ಗದಿಗೆಮ್ಮನ ಮುಖದ ಮೇಲೇ ಬಿದ್ದಿತ್ತು. ಆಕೆ ಸೆರಗನ್ನು ಕೂಡ ಅಡ್ಡ ಮಾಡಿಕೊಂಡಿರಲಿಲ್ಲ.

ಆಶಿಷ್ ಅವಳ ನೋಟ ಹೋದ ಕಡೆ ತಿರುಗಿದ. ಗುರುತು ಹಿಡಿದ. "ಓಹೋ. ಅಲ್ಲಿಂದ ಬಂದದ ಈ ಧಿಮಾಕು. ನೋಡು ಸೂಗಮ್ಮ, ಆ ಕುಡುಕನ ಸಲುವಾಗಿ ನೀ ಯಾಕ ಹಾಳಾಗ್ತಿ?"

"ಅಮರೇಶಿ ಕುಡಿಯಂಗಿಲ್ರಿ."

"ಸೋಮವಾರದಿಂದ ಕುಡೀತಾನ. ನಾಲ್ಕು ಜನ ಹೇಳಿದ್ರ ಆತು." ಅವನು ಧ್ವನಿ ಇಳಿಸಿದ. "ನಮ್ಮ ಕಂಪನಿಗೆ ಇನ್ನೂರು ಕ್ಯಾಬ್ ಓಡ್ತಾವ. ಎಲ್ಲಾದರ ಮೀಟರ್ ಕೆಲಸ ನಿನಗ ಬರ್ತದ. ಮುಳ್ಳು ಸರಿ ಮಾಡು, ಗುರುತು ಉಜ್ಜು, ಮುಚ್ಚು. ಹತ್ತು ನಿಮಿಷದ ಕೆಲಸ."

ಹತ್ತು ನಿಮಿಷವೂ ಬೇಕಿರಲಿಲ್ಲ. ಒಳಗಿನ ಹಿತ್ತಾಳೆಯ ಪುಟ್ಟ ಕೊಂಡಿಯನ್ನು ಅವಳು ಅಂದು ಅಕ್ಕಿಕಾಳಿನಷ್ಟು ಒಳಕ್ಕೆ ಸರಿಸಿದ್ದಳು. ಎಂಜಿನ್ ನಿಂತಾಗ ಮುಳ್ಳು ಸೊನ್ನೆಗೇ ಬರುತ್ತಿತ್ತು, ಆದ್ದರಿಂದ ಯಾರಿಗೂ ಅನುಮಾನ ಹುಟ್ಟುವಂತಿರಲಿಲ್ಲ. ಎಷ್ಟು ಚೆಂದ ಮಾಡಿದ್ದೇನೆ ಎಂದು ಅಂದು ಅವಳಿಗೆ ಹೆಮ್ಮೆಯಾಗಿತ್ತು. ಈಗ ಅಕ್ಕಿಕಾಳಿನಷ್ಟು ಹೊರಕ್ಕೆ ಸರಿಸಿದರೆ ಮುಗಿಯಿತು. ಚಿಮುಟ ಕೈಯಲ್ಲೇ ಇತ್ತು.

ಅವಳು ಚಿಮುಟವನ್ನು ಕೆಳಗಿಟ್ಟು ಸೂಜಿ ತೆಗೆದುಕೊಂಡಳು. ಮುಚ್ಚಳವನ್ನು ತೊಡೆಯ ಮೇಲೆ ಇಟ್ಟುಕೊಂಡು ತನ್ನ ಹಳೆಯ ಗುರುತಿನ ಕೆಳಗೆ ಇನ್ನೊಂದು 'ಸೂ' ಕೆತ್ತಿದಳು. ಇವತ್ತಿನ ತಾರೀಖು ಕೆತ್ತಿದಳು. ಅದರ ಪಕ್ಕದಲ್ಲಿ ಉದ್ದನೆಯ ಅಡ್ಡಗೆರೆ ಎಳೆದಳು.

"ಏನ್ ಬರೀಲಿಕ್ಕತ್ತಿ?"

"ಮುಟ್ಟಿಲ್ಲ ಅಂತ ಬರದೆ."

ಮುಚ್ಚಳ ಕೂರಿಸಿ ನಾಲ್ಕೂ ಸ್ಕ್ರೂ ಬಿಗಿದಳು.

"ನಿನಗ ತಲಿ ಕೆಟ್ಟದ" ಎಂದ ಆಶಿಷ್. "ಊರಾಗ ನೀನೊಬ್ಬಾಕಿನ ಅಲ್ಲ. ಬೇರೆ ಮೇಸ್ತ್ರಿ ಹತ್ರ ಮಾಡಿಸ್ತೀನಿ. ಕೊಡು ಇಲ್ಲಿ."

ಸೂಗಮ್ಮ ಮೀಟರನ್ನು ತನ್ನ ಊಟದ ಡಬ್ಬಿಯ ಚೀಲಕ್ಕೆ ಹಾಕಿ, ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಅವನು ಬಿಚ್ಚಿಟ್ಟಿದ್ದ ಕರವಸ್ತ್ರವನ್ನು ಮಡಚಿ ಅವನ ಮುಂದೆ ಇಟ್ಟಳು.

"ಅರ್ಜಿಯೊಳಗ ಇರೋ ಮೀಟರಿದು. ಸೋಮವಾರ ನಾನ ತರ್ತೀನ್ರಿ. ಆಫೀಸರ್ ಕೈಯಾಗ ಕೊಟ್ಟು, ಅವರ ಮುಂದ ಬಿಚ್ಚಿ ತೋರಿಸ್ತೀನಿ. ಬಾಣದ ಅರ್ಥ ಏನು ಅಂತ ನಾನ ಹೇಳ್ತೀನಿ. ಯಾರು ಫೋನ್ ಮಾಡಿದ್ರು, ಯಾರು ಬ್ಯಾಡಂದ್ರು, ಯಾರು ನಕ್ರು, ಎಲ್ಲಾ ಹೇಳ್ತೀನಿ."

"ನನ್ನ ಮಾಲು ಅದು! ಕಳ್ಳತನದ ಕೇಸ್ ಹಾಕಿಸ್ತೀನಿ!"

"ಹಾಕಿಸ್ರಿ. ಠಾಣಾದಾಗ ಬಿಚ್ಚು ಅಂದ್ರ ಅಲ್ಲೂ ಬಿಚ್ಚತೀನಿ."

ಅವನ ಕೂಗಿಗೆ ಚಹಾ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಮೆಟ್ಟಿಲಿಳಿಯುತ್ತಿದ್ದ ಮಕ್ಕಳು ನಿಂತರು. ಗದಿಗೆಮ್ಮ ಕಟ್ಟೆಯಿಂದೆದ್ದು, ಎರಡೂ ಕಡೆ ನೋಡಿ, ನಿಧಾನ ರಸ್ತೆ ದಾಟಿ ಬಂದಳು. ಅವಳ ಮುಖದಲ್ಲಿ ಕೃತಜ್ಞತೆ ಇರಲಿಲ್ಲ. ನಕ್ಕದ್ದನ್ನು ಅವಳು ಮರೆಯುವವಳಲ್ಲ. ಮರೆಯಬೇಕೆಂದು ಸೂಗಮ್ಮ ಕೇಳುವವಳೂ ಅಲ್ಲ. ಗದಿಗೆಮ್ಮ ಬಂದು ಅಂಗಡಿಯ ಬಾಯಿಗೆ ಅಡ್ಡವಾಗಿ, ಆಶಿಷನ ಪಕ್ಕದಲ್ಲೇ ನಿಂತಳು.

ಆಶಿಷ್ ಅವಳತ್ತ ನೋಡದೆ ಕೈ ಚಾಚಿದ. ಆ ಕೈ ಚಾಚಿದಾಗಲೆಲ್ಲ ಯಾರೋ ಏನನ್ನೋ ತಂದು ಇಡುತ್ತಿದ್ದರು.

"ಕಡೀ ಸಲ ಹೇಳ್ತೀನಿ. ಕೊಡು."

ಸೂಗಮ್ಮ ಚೀಲದ ಬಾಯಿಗೆ ಗಂಟು ಹಾಕಿದಳು.

"ಕೊಡಂಗಿಲ್ಲ."