ಬೀಗದವನು ಹೇಳದ ಬಾಗಿಲು

ಊರಿನ ಯಾವ ಬೀಗವನ್ನಾದರೂ ತಂತಿ ತೂರಿಸಿ ತೆಗೆಯಬಲ್ಲ ಮನುಷ್ಯ, ಒಂದು ಬೀಗ ತೆಗೆಸಿಕೊಡಿ ಎಂದು ಕೋರ್ಟಿಗೆ ಹೋಗಿದ್ದ. ಕೇಳಿದವರು ನಗದೆ ಇರುತ್ತಾರೆಯೇ? ನಕ್ಕರೆ ನಗಲಿ ಎಂದು ಅವನೂ ಬಿಟ್ಟಿದ್ದ. ತಾನೇ ತೆಗೆದರೆ ಅದು ಕಳ್ಳತನ, ಕೋರ್ಟು ತೆಗೆಸಿದರೆ ನ್ಯಾಯ. ಅಷ್ಟು ವ್ಯತ್ಯಾಸ ತಿಳಿಯದವನು ಬೀಗ ರಿಪೇರಿಗೆ ಕೂರಬಾರದು ಎನ್ನುವುದು ಅವನ ವಾದ.

ಆ ಬೀಗ ಹಾಕಿದವನು ಒಡಹುಟ್ಟಿದ ಅಣ್ಣ. ಬೀದಿಗೆ ಮುಖಮಾಡಿ ಅಣ್ಣನ ಮನೆ, ಅದರಲ್ಲೇ ಅವನ ಹೊಲಿಗೆ ಅಂಗಡಿ. ಹಿತ್ತಲಲ್ಲಿ ಬೀಗದವನ ಮನೆ ಮತ್ತು ಕೆಲಸದ ಶೆಡ್ಡು. ಪಕ್ಕದಲ್ಲಿ ಅಪ್ಪನ ಕಾಲದಿಂದ ಇಬ್ಬರೂ ಓಡಾಡಿದ ಓಣಿ. ಒಂದು ದಿನ ತಮ್ಮನು ಅರದಿಂದ ಉಜ್ಜಿದ ಕಬ್ಬಿಣದ ಪುಡಿ ಗಾಳಿಗೆ ಹಾರಿ, ಅಣ್ಣ ಇಸ್ತ್ರಿಗೆಂದು ಒದ್ದೆ ಮಾಡಿಟ್ಟಿದ್ದ ಬಿಳಿ ಬಟ್ಟೆಯ ಮೇಲೆ ಕೂತು ತುಕ್ಕಿನ ಚುಕ್ಕಿ ಬಿಟ್ಟಿತು. ಮಾತಿಗೆ ಮಾತು ಬೆಳೆಯಿತು. ಅಣ್ಣ ಓಣಿಗೆ ಗೇಟು ನಿಲ್ಲಿಸಿ, ಬೀಗ ಜಡಿದು, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡ. ಅಂದಿನಿಂದ ತಮ್ಮನು ಮನೆ ಸೇರಬೇಕಾದರೆ ಊರೆಲ್ಲ ಸುತ್ತಿ ಹಿಂದಿನ ಸಂದಿಯಲ್ಲಿ ಬರಬೇಕು. ಗಿರಾಕಿಗಳಿಗೆ ಆ ದಾರಿ ಗೊತ್ತಿಲ್ಲ, ಗೊತ್ತಿದ್ದವರಿಗೆ ಪುರುಸೊತ್ತಿಲ್ಲ. ದಾವೆ ಹೋದರೆ ಓಣಿ ಹೋಯಿತು, ಓಣಿ ಹೋದರೆ ಶೆಡ್ಡನ್ನೇ ಮುಚ್ಚಬೇಕು.

ಈಗ ಆ ದಾವೆಯೇ ವಜಾ ಆಗಿತ್ತು. ಅವನ ಸಾಕ್ಷಿಯ ದಿನ ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದರೂ ಓಗೊಡುವವರಿಲ್ಲ. ಅವನ ವಕೀಲಮ್ಮ ಮಹಡಿಯ ಮೇಲೆ ಇನ್ನೊಂದು ಕೋರ್ಟಿನಲ್ಲಿ ವಾದ ಮಾಡುತ್ತಿದ್ದರು. ಅಣ್ಣನ ವಕೀಲರು ಮಾತ್ರ ಇದ್ದರು. ವಾದಿ ಗೈರುಹಾಜರು ಎಂದು ಎದ್ದು ನಿಂತು ಹೇಳಿದರು, ಅಲ್ಲಿಗೆ ಕಥೆ ಮುಗಿಯಿತು. ಅದೇ ಕಾರಣಕ್ಕೆ ಹೊಸ ದಾವೆ ಹೂಡುವಂತಿಲ್ಲ, ಬರದಿದ್ದುದಕ್ಕೆ ತಕ್ಕ ಕಾರಣ ತೋರಿಸಿ ಹಳೆಯದನ್ನೇ ಮತ್ತೆ ಕಡತಕ್ಕೆ ತೆಗೆಸಬೇಕು ಎಂದು ವಕೀಲಮ್ಮ ಬಿಡಿಸಿ ಹೇಳಿದರು.

ಕಾರಣ ಕೇಳಿದರೆ, ತುರ್ತಾಗಿ ಒಂದು ಬಾಗಿಲು ತೆಗೆಯಬೇಕಾಯಿತು ಎಂದ. ಯಾರ ಬಾಗಿಲು ಎಂದರೆ ತುಟಿ ಪಿಟಕ್ಕೆನ್ನಲಿಲ್ಲ. ತೆಗೆದ ಬಾಗಿಲಿನ ಒಳಗೆ ಕಂಡದ್ದನ್ನು ಹೊರಗೆ ಆಡುವವನನ್ನು ಯಾರೂ ಮನೆಗೆ ಕರೆಯುವುದಿಲ್ಲ. ಆ ಕಸುಬಿನ ಮೊದಲ ಪಾಠವೇ ಅದು. ವಕೀಲಮ್ಮ ತಲೆ ಚಚ್ಚಿಕೊಂಡರು. ಇವನು ಹಾಯಾಗಿ, "ಚಿಂತೆ ಬಿಡಿ ಅಮ್ಮಾ, ಹೇಳಬೇಕಾದವರು ಹೇಳ್ತಾರೆ" ಎಂದ.

ಆ ಬಾಗಿಲು ಅಣ್ಣನ ಬಚ್ಚಲುಮನೆಯದು. ಆವತ್ತು ಕೋರ್ಟಿಗೆ ಹೊರಟು ನಿಂತಿದ್ದಾಗ ಅತ್ತಿಗೆ ಗೇಟಿನ ಆಚೆಯಿಂದ ಕೂಗಿದ್ದರು: ಒಳಗೆ ದಬ್ಬೆಂದು ಸದ್ದಾಯಿತು, ಚಿಲಕ ಸಿಕ್ಕಿಕೊಂಡಿದೆ, ನರಳುತ್ತಿದ್ದಾರೆ. ಗೇಟಿನ ಕೀಲಿಕೈಯೋ ಅಣ್ಣನ ಪ್ಯಾಂಟಿನ ಜೇಬಿನಲ್ಲಿ, ಪ್ಯಾಂಟು ಬಚ್ಚಲುಮನೆಯಲ್ಲಿ. ಇಷ್ಟು ವರ್ಷ ಮುಟ್ಟದ ಬೀಗವನ್ನು ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆದ. ಒಳಗಿನ ಚಿಲಕ ಕಳಚಿ ನೋಡಿದರೆ ಅಣ್ಣ ಸೋಪಿನ ನೀರಿನಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದಾನೆ, ಮೈಮೇಲೆ ಒಂದು ನೂಲೆಳೆ ಇಲ್ಲ. ಗೂಟದ ಬಟ್ಟೆಯೆಲ್ಲ ಅವನ ಜೊತೆಗೇ ಬಿದ್ದು ತೊಯ್ದಿದೆ. ಕತ್ತಿನ ಗುಂಡಿ ಹಾಕದೆ ಬೀದಿ ಬಾಗಿಲಿಗೂ ಬಾರದ ಮನುಷ್ಯ ಅವನು. ತಮ್ಮ ಹಿಂದೆ ಮುಂದೆ ನೋಡದೆ ಕೋರ್ಟಿಗೆಂದು ಹಾಕಿದ್ದ ಅಂಗಿ ಬಿಚ್ಚಿ ಹೊದಿಸಿದ. ಅಣ್ಣನನ್ನು ಆಂಬುಲೆನ್ಸಿಗೆ ಹತ್ತಿಸಿ, ಬನಿಯನ್ನಿನಲ್ಲೇ ಮನೆಗೆ ಬಂದು, ಬೇರೆ ಅಂಗಿ ತೊಟ್ಟು ಕೋರ್ಟು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅಣ್ಣನೇ ಹೇಳುತ್ತಾನೆಂಬ ಧೈರ್ಯ ಎಲ್ಲಿಂದ ಬಂತು? ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎನ್ನುತ್ತಾರೆ. ದರ್ಜಿಗಳ ಬಗ್ಗೆಯೂ ಜನ ಅದನ್ನೇ ಆಡುತ್ತಾರೆ. ಈ ದರ್ಜಿಯೋ, ಗೇಣಗಲದ ತುಂಡು ಉಳಿದರೂ ಮಡಿಚಿ ಗಿರಾಕಿಯ ಕೈಗಿಡುವವನು. ಹಠಮಾರಿ ಹೌದು, ಇನ್ನೊಬ್ಬರದನ್ನು ಇಟ್ಟುಕೊಳ್ಳುವವನಲ್ಲ. ತೊಡಕು ಒಂದೇ. ಆ ಕೋರ್ಟಿನ ಅರ್ಧ ಕರಿಕೋಟುಗಳು ಅಣ್ಣನ ಮಿಷನ್ನಿನಲ್ಲೇ ಹೊಲಿದವು. ಅಷ್ಟು ಜನಕ್ಕೆ ಬಟ್ಟೆ ತೊಡಿಸಿದವನು ಅವರೆದುರಿಗೇ ತಾನು ಬತ್ತಲೆ ಬಿದ್ದಿದ್ದೆ ಎನ್ನಬೇಕು. ಅದನ್ನು ನೆನೆದರೆ ಬೀಗದವನಿಗೆ ಸಂಕಟವಾಗುತ್ತಿತ್ತು, ಅನುಮಾನ ಮಾತ್ರ ಬರುತ್ತಿರಲಿಲ್ಲ.

ದಾವೆಯನ್ನು ಮತ್ತೆ ತೆಗೆಸುವ ಅರ್ಜಿಯ ವಿಚಾರಣೆಯ ದಿನ ಬೀಗದವನು ಕಟಕಟೆ ಹತ್ತಿದ. ಅಣ್ಣ ನಾಚಿಕೆಯಿಂದ ತನ್ನ ವಕೀಲರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹಾಗಾಗಿ ಆ ವಕೀಲರು, ಕೂಲಿಯ ಆಸೆಗೆ ಕೋರ್ಟು ತಪ್ಪಿಸಿದವನು ಎಂದು ಹಂಗಿಸಿ, ಯಾರ ಬಾಗಿಲು ಹೇಳಪ್ಪ ಎಂದು ಕೆಣಕಿದರು. ಹಿಂದಿನ ಬೆಂಚಿನಲ್ಲಿ ಊರುಗೋಲು ಹಿಡಿದು ಕೂತಿದ್ದ ಅಣ್ಣನ ಕಡೆ ಇವನು ಕಣ್ಣೆತ್ತಲಿಲ್ಲ.

"ಕೆಲಸಕ್ಕೆ ಹೋದ ಮನೆ ವಿಷಯ ನಾನು ಆಡೋದಿಲ್ಲ ಸ್ವಾಮಿ. ಆ ಮನೆಯವರೇ ಹೇಳಿದ್ರೆ ನಂದೇನೂ ಅಡ್ಡಿ ಇಲ್ಲ."

ಹೇಳದಿದ್ದರೆ ಅರ್ಜಿಯನ್ನೂ ವಜಾ ಮಾಡಬೇಕಾಗುತ್ತದೆ ಎಂದು ನ್ಯಾಯಾಧೀಶರು ಎಚ್ಚರಿಸಿದರು. ವಕೀಲಮ್ಮ ಕಣ್ಣು ಮುಚ್ಚಿಕೊಂಡರು. ಹಿಂದೆ ಊರುಗೋಲು ನೆಲಕ್ಕೆ ಟಕ್ಕೆಂದಿತು.

"ನನ್ನ ಬಾಗಿಲು ಸ್ವಾಮಿ." ಅಣ್ಣ ಎದ್ದು ನಿಂತಿದ್ದ. ಅವನ ವಕೀಲರು ತಿರುಗಿ ಕೈಸನ್ನೆ ಮಾಡಿದರೂ ಕೂರಲಿಲ್ಲ. "ಬಚ್ಚಲಲ್ಲಿ ಬಿದ್ದಿದ್ದೆ, ಬರಿಮೈಲಿ. ತನ್ನ ಅಂಗಿ ಬಿಚ್ಚಿ ನನ್ನ ಮಾನ ಮುಚ್ಚಿದ. ಅದಕ್ಕೇ ಅವನಿಗೆ ಬರೋಕಾಗಲಿಲ್ಲ."

ಕುಂಟುತ್ತಾ ಮುಂದೆ ಬಂದು ಕೈಚೀಲದಿಂದ ಆ ಅಂಗಿ ತೆಗೆದು ಮೇಜಿನ ಮೇಲಿಟ್ಟ. ಒಗೆದು, ಇಸ್ತ್ರಿ ಮಾಡಿ, ಆವತ್ತಿನ ಅವಸರದಲ್ಲಿ ಹರಿದಿದ್ದ ತೋಳನ್ನು ಹೊಲಿಗೆ ಕಾಣದಂತೆ ಹೊಲಿದಿದ್ದ. ಕರಿಕೋಟಿನವರಲ್ಲಿ ಒಬ್ಬರೂ ನಗಲಿಲ್ಲ. ಪ್ರತಿವಾದಿಯೇ ವಾದಿಗೆ ಸಾಕ್ಷಿಯಾದದ್ದನ್ನು ಕಂಡ ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡು, ದಾವೆಯನ್ನು ಮತ್ತೆ ಕಡತಕ್ಕೆ ತೆಗೆದುಕೊಳ್ಳಲಾಗಿದೆ ಎಂದು ಬರೆಸಿ ಮುಂದಿನ ವಾಯಿದೆ ಕೊಟ್ಟರು.

ಮೆಟ್ಟಿಲಿಳಿಯುವಾಗ ತಮ್ಮ ತೋಳು ಕೊಟ್ಟ. ಅಣ್ಣ ಹಿಡಿದುಕೊಂಡ, ಆದರೆ ಮುಖ ಗಂಟು ಹಾಕಿಕೊಂಡೇ ಇದ್ದ. ಕೇಸು ಬಿಡುವುದಿಲ್ಲ, ಎದುರಿಗೆ ನಿಂತು ಗೆಲ್ಲುತ್ತೇನೆ, ಬರದವನ ಮೇಲೆ ಗೆದ್ದರೆ ಅದೂ ಒಂದು ಗೆಲುವೇ ಎಂದು ಗೊಣಗಿದ. ಕೊನೆಯ ಮೆಟ್ಟಿಲಲ್ಲಿ ನಿಂತ.

"ಆವತ್ತು ಗೇಟು ತೆಗೆದು ಬಂದೆಯಂತೆ. ಹೋಗೋವಾಗ ಮತ್ತೆ ಬೀಗ ಹಾಕಿಕೊಂಡು ಹೋದೆಯಂತೆ. ಯಾಕೋ?"

"ಕೇಸು ಇನ್ನೂ ಮುಗಿದಿರಲಿಲ್ವಲ್ಲ ಅಣ್ಣ."

ಅಣ್ಣ ಊರುಗೋಲೂರಿ ಅಂಗಳಕ್ಕೆ ಇಳಿದ. ಆಮೇಲೆ, ಮುಂದಿನ ವಾಯಿದೆಯ ದಿನ ಮನೆಗೆ ಬಾ, ಒಟ್ಟಿಗೇ ಹೊರಡೋಣ, ನಿನ್ನನ್ನು ಒಬ್ಬನೇ ಬಿಟ್ಟರೆ ಇನ್ಯಾರ ಬಾಗಿಲು ತೆಗೆಯಲು ಹೋಗುತ್ತೀಯೋ ಎಂದು ಗದರಿದ.

"ಯಾವ ಕಡೆಯಿಂದ ಬರಲಿ?"

"ಹತ್ತಿರದ ದಾರೀಲೇ ಬಾ," ಎಂದ ಅಣ್ಣ. "ಬೀಗ ತೆಗೆದಿರ್ತೀನಿ."