ಮೂರು ಚೀಲ ಹುಲ್ಲು

ಅಕ್ಕ ಊರುಗೋಲನ್ನು ಬೇಲಿಗೊರಗಿಸಿ, ಹುರುಳಿಕಾಯಿ ಬಳ್ಳಿಯ ಎಲೆಯೊಂದನ್ನು ಕನ್ನಡಕದ ಹತ್ತಿರ ಹಿಡಿದಳು. ಅದು ಮುಷ್ಟಿ ಬಿಗಿದಂತೆ ಮುದುಡಿತ್ತು. ಟೊಮೇಟೊ ಕುಡಿಗಳೂ ಹಾಗೆಯೇ.

"ಹುಳ ಇಲ್ಲ, ಬೂಷ್ಟು ಇಲ್ಲ," ಎಂದಳು. "ಎರಡು ತಿಂಗಳು ಹಾಸಿಗೆ ಹಿಡಿದೆ ನೋಡು, ಕೈಗುಣವೇ ಹೋಯ್ತು."

ಪಕ್ಕದ ಪಾತಿಗೆ ನೀರು ಹಾಕುತ್ತಿದ್ದ ತಮ್ಮ ತಲೆಯೆತ್ತಲಿಲ್ಲ. ಹನ್ನೆರಡು ವರ್ಷಗಳಿಂದ ಈ ಹಿತ್ತಿಲು ಹೊರಗಿನ ಒಂದು ಹಿಡಿ ಗೊಬ್ಬರವನ್ನೂ ಬೇಡಿರಲಿಲ್ಲ. ಉದುರಿದ ಎಲೆ ಮಣ್ಣಿಗೆ ಹೊದಿಕೆ, ಅಡುಗೆಮನೆಯ ಸಿಪ್ಪೆ ಎರೆಹುಳುವಿಗೆ, ಈ ಬೆಳೆಯ ಬೀಜ ಮುಂದಿನ ಬೆಳೆಗೆ. ಕಾಲು ಮುರಿದುಕೊಂಡು ಮಲಗಿದಾಗ ಅವಳು ಹೇಳಿದ್ದು ಒಂದೇ ಮಾತು: "ನೀರು ಹಾಕು, ಸುಮ್ನಿರು."

ಮೂವತ್ತು ವರ್ಷದಿಂದ ಆಟದ ಮೈದಾನ ನೋಡಿಕೊಳ್ಳುತ್ತಿರುವ ಅವನ ಕೈಗೆ ಸುಮ್ಮನಿರುವ ವಿದ್ಯೆ ಒಲಿಯಲಿಲ್ಲ. ಹೊದಿಕೆ ತೆಳುವಾಯಿತೆಂದು, ಮೈದಾನದಲ್ಲಿ ಕತ್ತರಿಸಿದ ಹುಲ್ಲನ್ನು ಮೂರು ಚೀಲ ತಂದು ಪಾತಿಗಳ ಮೇಲೆ ಹರವಿದ್ದ. ಅಕ್ಕ ಕಿಟಕಿಯಿಂದಲೇ, "ಪರವಾಗಿಲ್ವೇ, ಕಲಿತೆ," ಎಂದು ನಕ್ಕಿದ್ದಳು. ಹುಲ್ಲು ಕತ್ತರಿಸುವ ಹಿಂದಿನ ವಾರ ಆ ಮೈದಾನಕ್ಕೆ ಕಳೆ ಸಾಯುವ ಔಷಧಿ ಹೊಡೆದವನು ಅವನೇ. ಹುಲ್ಲನ್ನು ಉಳಿಸಿ, ಅಗಲ ಎಲೆಯ ಗಿಡಗಳನ್ನಷ್ಟೇ ಕೊಲ್ಲುವ ಔಷಧಿ. ಎಲೆಗಳು ಮುದುಡಿದ ಮೇಲಷ್ಟೇ ಅದು ನೆನಪಾಗಿತ್ತು.

ಅಕ್ಕ ಬಳ್ಳಿಯ ಬುಡಕ್ಕೆ ಕೈಹಾಕಿದಳು. "ಹೋಗ್ಲಿ, ಗೊಬ್ಬರದ ಗುಂಡಿಗೆ ಹಾಕೋಣ. ಇಲ್ಲಿಯದು ಇಲ್ಲಿಗೇ."

ಕೊಳೆತರೂ ಆ ಔಷಧಿ ಹೋಗದು; ಆ ಗುಂಡಿಯ ಗೊಬ್ಬರವೇ ಮುಂದಿನ ವರ್ಷ ಎಲ್ಲ ಪಾತಿಗಳಿಗೂ.

"ಗುಂಡಿಗೆ ಬೇಡ ಅಕ್ಕಾ."

"ಯಾಕೋ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿಕೊಂಡವನ ಹಾಗಿದೆಯಲ್ಲ ನಿನ್ನ ಮುಖ."

"ನಿನ್ನ ಕೈಗುಣ ಅಲ್ಲ. ಆ ಹುಲ್ಲು. ಅದಕ್ಕೆ ಕಳೆ ಔಷಧಿ ಹೊಡೆದಿದ್ದೆ. ನಾನೇ."

ಅಕ್ಕ ಮುದುಡಿದ ಎಲೆಯನ್ನು ಬೆರಳಿನಿಂದ ಬಿಡಿಸಲು ನೋಡಿದಳು.

"ಯಾವಾಗ ಗೊತ್ತಾಯ್ತು?"

"ಎಂಟು ದಿನ ಆಯ್ತು."

"ಎಂಟು ದಿನ ನೀರು ಬೇರೆ ಹಾಕ್ದೆ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

"ಚೀಲ ಇಟ್ಟಿದೀಯಾ? ತಗೊಂಡ್ಬಾ. ಎಷ್ಟು ತಂದ್ಯೋ ಅಷ್ಟೂ ತುಂಬು."

ಅವನು ಮೊಣಕಾಲೂರಿ, ಬೇರು ಅಲುಗದಂತೆ ಬೆರಳುಗಳಲ್ಲೇ ಹುಲ್ಲು ಬಾಚತೊಡಗಿದ. ಅಕ್ಕ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು ಚೀಲದ ಬಾಯಿ ಅಗಲಿಸಿ ಹಿಡಿದಳು. ಕೆಳಗಿನ ಪದರ ಆಗಲೇ ಕಪ್ಪಾಗಿತ್ತು. ಎರೆಹುಳುಗಳು ಎಂದಿನಂತೆ ಅದನ್ನು ಮಣ್ಣಿನೊಳಗೆ ಎಳೆದುಕೊಂಡಿದ್ದವು. ಬಿಸಿಲು ಇಳಿಯುವ ಹೊತ್ತಿಗೆ ಒಂದು ಚೀಲ ತುಂಬಿತು, ಇನ್ನೊಂದು ಅರ್ಧ. ಮೂರನೆಯದು ಮಡಿಸಿದ ಹಾಗೆಯೇ ಅವಳ ಮಡಿಲಲ್ಲಿತ್ತು.